ಇನ್ನೂರ ಐವತ್ತೊಂದನೆಯ ನಿಯಮ

ಗಂಟಲು ಕಳೆದುಕೊಂಡವರಿಗೆ ಮಾತು ಮರಳಿ ಬಂದು ಆರೇಳು ವರ್ಷಗಳಾಗಿದ್ದವು.

ತಂಬಾಕಿನಿಂದ ಕೊರಳಲ್ಲಿ ಹುಣ್ಣೆದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು ಉತ್ತರದ ಜಿಲ್ಲೆಗಳಲ್ಲಿ ಕಡಿಮೆ ಇರಲಿಲ್ಲ. ಅಂಥವರಿಗಾಗಿ ಎರಡು ಬೆರಳು ಅಗಲದ ಒಂದು ಕೊರಳಪಟ್ಟಿ ಬಂದಿತ್ತು. ಮನುಷ್ಯ ಮಾತಾಡಲು ನಾಲಿಗೆ, ತುಟಿ ಆಡಿಸಿದಾಗ ಕೊರಳ ಸ್ನಾಯುಗಳಲ್ಲಿ ಸಣ್ಣ ನಡುಕ ಹುಟ್ಟುತ್ತದೆ. ಪಟ್ಟಿ ಆ ನಡುಕವನ್ನು ಹಿಡಿದು ಧಾರವಾಡದ ಧ್ವನಿಶಾಲೆಗೆ ಕಳಿಸುತ್ತಿತ್ತು. ಅಲ್ಲಿಯ ಯಂತ್ರಗಳು ಅದು ಯಾವ ಮಾತೆಂದು ಲೆಕ್ಕ ಹಾಕಿ, ಆ ಮನುಷ್ಯನ ಹಳೆಯ ದನಿಯಲ್ಲೇ ಅದನ್ನು ಕಟ್ಟಿ, ಮರಳಿ ಪಟ್ಟಿಗೆ ಕಳಿಸುತ್ತಿದ್ದವು. ಎದೆಯ ಮೇಲೆ ತೂಗುವ ರೂಪಾಯಿಯಗಲದ ಸ್ಪೀಕರು ನುಡಿಯುತ್ತಿತ್ತು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು.

ಜನ ಇದಕ್ಕೆ ಬೇಗ ಒಗ್ಗಿಕೊಂಡರು. ಪಟ್ಟಿಯವರು ಮಾತು ಶುರುಮಾಡುವಾಗ ಒಂದು ಗುಟುಕು ತಡವಾಗುತ್ತದೆಂದು ತಿಳಿದು, ಎದುರಿನವರು ಕಾಯುವುದನ್ನು ಕಲಿತರು. ಪಿಸುಮಾತು ಆಡಬೇಕಾದವರು ಸ್ಪೀಕರಿನ ಮೇಲೆ ಅಂಗೈ ಮುಚ್ಚುತ್ತಿದ್ದರು. ಜಗಳದಲ್ಲಿ ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸುವವರೂ ಇದ್ದರು.

ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುತ್ತಿದ್ದ ಈರಬಸಪ್ಪನವರ ಕೊರಳಲ್ಲೂ ಇಂಥದೊಂದು ಪಟ್ಟಿ ಇತ್ತು. ಅವರ ದನಿಯನ್ನು ಮಗಳ ಮದುವೆಯ ವಿಡಿಯೋದಿಂದ ತೆಗೆದಿದ್ದರು. ಆದ್ದರಿಂದ ಎಪ್ಪತ್ತು ದಾಟಿದ ಮನುಷ್ಯನ ಎದೆಯಿಂದ ಐವತ್ತರ ಗಂಡಸು ಮಾತಾಡುತ್ತಿದ್ದ. ಹೆಂಡತಿ ಸಾವಂತ್ರೆವ್ವನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. “ನನಗ ಲಾಭ ಆತು ನೋಡ್ರಿ. ಮಾರಿ ಕಾಣಂಗಿಲ್ಲ, ದನಿ ವಯಸ್ಸಿಂದು. ಹರೇದ ಗಂಡನ ಜೋಡಿ ಸಂಸಾರ ಮಾಡಾಕತ್ತೀನಿ” ಎಂದು ಆಕೆ ಓಣಿಯ ಹೆಂಗಸರನ್ನು ನಗಿಸುತ್ತಿದ್ದಳು.

ಒಬ್ಬರಿಗೆ ದನಿ ಇಲ್ಲ, ಇನ್ನೊಬ್ಬರಿಗೆ ಕಣ್ಣಿಲ್ಲ. ಅವರ ಸಂಸಾರವೆಲ್ಲ ಆ ಪಟ್ಟಿಯ ಮೇಲೆಯೇ ನಡೆದಿತ್ತು. ಅನ್ನ ಎಲ್ಲಿದೆ, ಹೊಸ್ತಿಲು ಎಲ್ಲಿದೆ, ಸೀರೆಯ ಬಣ್ಣ ಯಾವುದು, ಎಲ್ಲವನ್ನೂ ಅವರು ಹೇಳುತ್ತಿದ್ದರು, ಆಕೆ ಕೇಳುತ್ತಿದ್ದಳು.

ಆ ವರ್ಷ ಸಾವಂತ್ರೆವ್ವನ ಹೃದಯದ ಕವಾಟ ಕೆಟ್ಟಿತು. ಮಗಳು ಮಹಾದೇವಿ ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದಳು. ಈರಬಸಪ್ಪನವರೂ ಹೊರಟವರೇ. ಆದರೆ ಅವರಿಗೆ ನೆಗಡಿ, ಜ್ವರ. ಉಸಿರಾಡಲು ಕೊರಳಲ್ಲಿ ರಂಧ್ರವಿರುವವರು ಜ್ವರ ಹೊತ್ತು ಹೃದಯದ ವಾರ್ಡಿನ ಹತ್ತಿರವೂ ಬರಬಾರದೆಂದು ವೈದ್ಯರು ಫೋನಿನಲ್ಲೇ ತಡೆದರು. ಅವರು ಮನೆಯಲ್ಲಿ ಉಳಿದರು.

ಶಸ್ತ್ರಚಿಕಿತ್ಸೆಗೆ ಹೊರಗಿನಿಂದ ದೊಡ್ಡ ವೈದ್ಯರೊಬ್ಬರು ಬರುವವರಿದ್ದರು. ಅವರು ಇರುವುದು ಒಂದೇ ದಿನ. ಮುಂದಿನ ಸಲ ಬರುವುದು ತಿಂಗಳಾದ ಮೇಲೆ. ಸಾವಂತ್ರೆವ್ವ ಅಲ್ಲಿಯವರೆಗೆ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಹಿಂದಿನ ದಿನ ಸಂಜೆ ಮಹಾದೇವಿ ತಾಯಿಯ ಕಿವಿಗೆ ಫೋನು ಹಿಡಿದಳು.

“ಏನ್ ಮಾಡ್ಲಿ ಹೇಳ್ರಿ,” ಎಂದಳು ಸಾವಂತ್ರೆವ್ವ. “ಎದಿ ಸೀಳ್ತಾರಂತ. ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಮನಿಗೆ ಬಂದಬಿಡ್ತೀನಿ.”

“ಡಾಕ್ಟರ್ ಏನಂದ್ರು?”

“ಡಾಕ್ಟರ್ ಮಾತು ಡಾಕ್ಟರಿಗೆ ಇರ್ಲಿ. ನಾ ಕೇಳಾಕತ್ತಿದ್ದು ನಿಮ್ಮನ್ನ.”

ಈರಬಸಪ್ಪನವರಿಗೆ ತಕ್ಷಣ ಮಾತು ಹೊರಡಲಿಲ್ಲ. ಇದು ಪಟ್ಟಿಯ ತಡವಲ್ಲವೆಂದು ಆಕೆಗೂ ತಿಳಿಯಿತು.

“ಮುಂಜಾನೆ ಹೇಳ್ತೀನಿ,” ಎಂದರು ಕೊನೆಗೆ. “ಪೂಜಿ ಮಾಡಿಕೊಂಡು ಹೇಳ್ತೀನಿ.”

“ಆತು. ಹಂಗಾರ ಮುಂಜಾನಿತನ ನಾನೂ ಯಾವುದಕ್ಕೂ ಹೆಬ್ಬಟ್ಟು ಒತ್ತಂಗಿಲ್ಲ.”

ಅದೇ ವಾರ ಧಾರವಾಡದ ಧ್ವನಿಶಾಲೆಯಲ್ಲಿ ಕಾವಲು ಬದಲಾಗಿತ್ತು.

ಅಲ್ಲಿಯ ಜಾಲವನ್ನು ಎರಡು ಭಾಗ ಮಾಡಿದ್ದರು. ಒಂದರಲ್ಲಿ ಕೊರಳಪಟ್ಟಿಗಳು, ಇನ್ನೊಂದರಲ್ಲಿ ಧ್ವನಿಯಂತ್ರಗಳು. ಓದಿದವರು ಇವನ್ನು ಸಬ್‌ನೆಟ್ ಎನ್ನುತ್ತಾರೆ. ನಿಯಂತ್ರಣ ಕೊಠಡಿಯವರು ಪಟ್ಟಿ ಓಣಿ, ದನಿ ಓಣಿ ಎಂದೇ ಕರೆಯುತ್ತಿದ್ದರು. ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಸಂದೇಶವೂ ಕಾವಲೆಂಬ ತಂತ್ರಾಂಶವನ್ನು ದಾಟಿಯೇ ಹೋಗಬೇಕು. ಪಟ್ಟಿಯಿಂದ ಹೋಗುವ ನಡುಕಕ್ಕೆ ಅವರು ಪ್ರಶ್ನೆ ಎನ್ನುತ್ತಿದ್ದರು, ಮರಳಿ ಬರುವ ದನಿಗೆ ಉತ್ತರ.

ಹಳೆಯ ಕಾವಲಿಗೆ ನೆನಪಿತ್ತು. ಯಾವ ಪಟ್ಟಿ ಯಾವ ಯಂತ್ರಕ್ಕೆ ಪ್ರಶ್ನೆ ಕಳಿಸಿತೆಂಬುದನ್ನು ಅದು ಮನಸ್ಸಿನಲ್ಲಿಟ್ಟುಕೊಂಡು, ಅದರ ಉತ್ತರ ಬಂದಾಗ ತಾನಾಗಿಯೇ ದಾರಿ ಬಿಡುತ್ತಿತ್ತು. ಪಟ್ಟಿಯವರು ಹೆಚ್ಚಿದಂತೆ ಆ ನೆನಪು ತುಂಬಿಹೋಯಿತು. ಮಾತುಗಳು ತಡವಾಗತೊಡಗಿದವು, ಕೆಲವು ಅರ್ಧಕ್ಕೇ ಕಡಿದವು. ಆದ್ದರಿಂದ ಕೇಂದ್ರ ಕಚೇರಿಯವರು ನೆನಪಿಲ್ಲದ ಕಾವಲನ್ನು ಹಾಕಿಸಿದರು. ಇದು ಯಾವುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಎಂದೂ ದಣಿಯುವುದಿಲ್ಲ. ಬಂದ ಪ್ರತಿ ಸಂದೇಶವನ್ನೂ ಹೊಸದಾಗಿ ನೋಡುತ್ತದೆ. ಪ್ರಶ್ನೆ ಹೋಗಲು ಒಂದು ಅನುಮತಿ ಬರೆದರೆ ಸಾಲದು. ಉತ್ತರ ಬರಲು ಬೇರೆಯೇ ಅನುಮತಿ ಬರೆಯಬೇಕು. ಬರೆಯದಿದ್ದರೆ, ತಾನೇ ಒಂದು ಕ್ಷಣದ ಹಿಂದೆ ದಾಟಿಸಿದ ಪ್ರಶ್ನೆಯ ಉತ್ತರವನ್ನೂ ಅಪರಿಚಿತನಂತೆ ಕಂಡು ಬಿಸಾಡುತ್ತದೆ.

ಇನ್ನೊಂದು ವ್ಯತ್ಯಾಸವಿತ್ತು. ಹಳೆಯ ಕಾವಲಿನಲ್ಲಿ ಇದ್ದವೆಲ್ಲ ಬಿಡುವ ನಿಯಮಗಳೇ. ತಡೆಯುವ ನಿಯಮ ಒಂದೂ ಇರಲಿಲ್ಲ. ಹಾಗಾಗಿ ಅವುಗಳ ಸಂಖ್ಯೆ ಬರಿಯ ಹೆಸರಿನಂತೆ, ಏನಿದ್ದರೂ ನಡೆಯುತ್ತಿತ್ತು. ಹೊಸದರಲ್ಲಿ ಎರಡೂ ಬಗೆಯ ನಿಯಮಗಳಿದ್ದವು. ಕಾವಲು ಅವನ್ನು ಸಣ್ಣ ಸಂಖ್ಯೆಯಿಂದ ಓದುತ್ತಾ ಬಂದು, ಯಾವುದು ಮೊದಲು ಹೊಂದುವುದೋ ಅದನ್ನೇ ಕೊನೆಯ ಮಾತೆಂದು ತಿಳಿಯುತ್ತಿತ್ತು. ಮುಂದಿನದನ್ನು ಓದುತ್ತಲೇ ಇರಲಿಲ್ಲ.

ಕೇಂದ್ರದಿಂದ ಬಂದ ಮಾದರಿಯಲ್ಲಿ ಪ್ರಶ್ನೆಯ ಅನುಮತಿಗೆ ನೂರು, ಉತ್ತರದ ಅನುಮತಿಗೆ ಇನ್ನೂರು ಎಂದಿತ್ತು. ನಿಯಮ ಬರೆಯುವ ಕೆಲಸ ಕಸ್ತೂರಿ ಬಿನ್ನಾಳ ಎಂಬ ಎಂಜಿನಿಯರದು. ಆಕೆ ಬರೆಯುತ್ತಿದ್ದಾಗ ಕೊಠಡಿಯ ಮುಖ್ಯಸ್ಥ ವಾದಿರಾಜ ಕಟ್ಟಿಯವರು ಹಿಂದೆ ಬಂದು ನಿಂತರು.

“ಸೊನ್ನಿ ಮ್ಯಾಲೆ ಮುಗಸಬ್ಯಾಡ್ರಿ ಕಸ್ತೂರಿ. ಲಗ್ನದಾಗ ಆಯೇರಿ ಮಾಡೋವಾಗ ನೂರು ಕೊಡ್ತೀರೇನು? ನೂರಾ ಒಂದು ಕೊಡ್ತೀರಿ. ನಮ್ಮ ಖೋಲಿಯೊಳಗ ಮೊದಲಿಂದ ಇದ ಪದ್ಧತಿ ಅದ.”

ಪದ್ಧತಿ ನಿಜವಾಗಿಯೂ ಇತ್ತು. ಹಳೆಯ ಕಾವಲಿನ ನಿಯಮಗಳೆಲ್ಲ ಐವತ್ತೊಂದು, ನೂರಾ ಒಂದು, ಇನ್ನೂರ ಐವತ್ತೊಂದು, ಐನೂರಾ ಒಂದು ಎಂದೇ ಸಾಲಾಗಿದ್ದವು. ಕಸ್ತೂರಿಯ ಮನೆಯಲ್ಲೂ ಯಾರೂ ಮದುಮಕ್ಕಳ ಕೈಗೆ ಸೊನ್ನೆಯಲ್ಲಿ ಮುಗಿಯುವ ಮೊತ್ತ ಇಟ್ಟವರಲ್ಲ. ಆಕೆ ನಕ್ಕು, ಪ್ರಶ್ನೆಗೆ ನೂರಾ ಒಂದು, ಉತ್ತರಕ್ಕೆ ಇನ್ನೂರ ಐವತ್ತೊಂದು ಎಂದು ಬರೆದಳು. ಪರೀಕ್ಷೆ ಮಾಡಿದರು. ಮಾತು ನೀರಿನಂತೆ ಹರಿಯಿತು. ಕಟ್ಟಿಯವರು ಎಲ್ಲರಿಗೂ ಫೇಡೆ ಹಂಚಿದರು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಪಟ್ಟಿಗಳೆಲ್ಲ ಒಮ್ಮೆಲೇ ಮೌನವಾದವು.

ಬಾದಾಮಿಯಲ್ಲಿ ತರಕಾರಿ ಮಾರುತ್ತಿದ್ದವನು ಬೆಲೆ ಹೇಳುತ್ತಿದ್ದಂತೆಯೇ ದನಿ ನಿಂತು, ಬೆರಳು ಎತ್ತಿ ತೋರಿಸತೊಡಗಿದ. ಎಲ್ಲೋ ಒಬ್ಬ ಮುದುಕ, ತಾನು ಸತ್ತೇಹೋದೆನೆಂದು ತಿಳಿದು ಸೊಸೆಯನ್ನು ಮುಟ್ಟಿ ನೋಡಿದನಂತೆ. ಧ್ವನಿಶಾಲೆಯ ಸಹಾಯವಾಣಿಗೆ ಕರೆಗಳು ಬಂದವು. ಹೆಚ್ಚಿನವು ಪಟ್ಟಿಯವರ ಮನೆಯವರದು. ಪಟ್ಟಿಯವರೇ ಕರೆ ಮಾಡಿದಲ್ಲಿ ಆ ಕಡೆಯಿಂದ ಬರಿಯ ಉಸಿರು ಕೇಳುತ್ತಿತ್ತು.

ಬೆಳಗಾವಿಯ ವಾರ್ಡಿನಲ್ಲಿ ಸಾವಂತ್ರೆವ್ವನಿಗೆ ಹಸಿರು ಅಂಗಿ ತೊಡಿಸಿದ್ದರು. ಮಹಾದೇವಿ ಫೋನು ಹಚ್ಚಿ ತಾಯಿಯ ಕಿವಿಗೆ ಹಿಡಿದಳು. ಗುಳೇದಗುಡ್ಡದಲ್ಲಿ ಈರಬಸಪ್ಪನವರು ಎತ್ತಿಕೊಂಡರು.

“ಪೂಜಿ ಆತೇನ್ರಿ? ಹೇಳ್ರಿ ಈಗ,” ಎಂದಳು ಸಾವಂತ್ರೆವ್ವ.

ಅವರ ತುಟಿ ಆಡಿತು. ಸದ್ದು ಬರಲಿಲ್ಲ. ಪಟ್ಟಿ ಬಿಚ್ಚಿ ಒರೆಸಿ ಮತ್ತೆ ಕಟ್ಟಿದರು. ಗುಂಡಿ ತಿರುಗಿಸಿದರು. ಬರಲಿಲ್ಲ. ಫೋನಿನ ಮೇಲೆ ಬೆರಳಿನಿಂದ ಬಡಿದರು. ಆಮೇಲೆ ಮಗಳಿಗೆ ಸಂದೇಶ ಬರೆದು ಕಳಿಸಿದರು.

“ಯವ್ವಾ, ಅಪ್ಪನ ಪಟ್ಟಿ ಕೆಟ್ಟೈತಂತ. ‘ಹೂಂ, ಮಾಡಿಸ್ಕೊಳ್ಲಿ’ ಅಂತ ಬರದು ಕಳಿಸ್ಯಾನ ನೋಡು.”

“ಯಾರು ಬರದ್ರು?”

“ಅಪ್ಪ.”

“ನೀನ ಬರಕೊಂಡು ಓದಿದ್ರ ನನಗೇನ್ ಕಾಣ್ತೈತಿ?”

“ಅಯ್ಯ, ನಾ ಯಾಕ ಸುಳ್ಳ ಹೇಳ್ಲಿ ಯವ್ವಾ?”

“ನನ್ನ ಜೀವ ಉಳೀಲಿ ಅಂತ ಹೇಳ್ತಿ. ಮಕ್ಕಳು ಅದಕ್ಕ ಸುಳ್ಳ ಹೇಳ್ತಾರ. ನಿನ್ನಿ ಹೇಳಿಲ್ಲ, ಇವತ್ತ ಪಟ್ಟಿ ಕೆಟ್ಟೈತಿ. ಅವರಿಗೆ ಹೇಳೂ ಮನಸ್ಸಿಲ್ಲ ಬಿಡು.”

ನರ್ಸು ಬಂದು, ದೊಡ್ಡ ಡಾಕ್ಟರು ಕೈ ತೊಳೆಯುತ್ತಿದ್ದಾರೆ, ಒಪ್ಪಿಗೆ ಬೇಗ ಕೊಡದಿದ್ದರೆ ಇನ್ನೊಬ್ಬ ರೋಗಿಯನ್ನು ಒಳಗೆ ತೆಗೆದುಕೊಳ್ಳುತ್ತಾರೆ ಎಂದಳು. ಸಾವಂತ್ರೆವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

“ಫೋನ್ ಇಡಬ್ಯಾಡ. ಹಿಂಗ ಹಿಡಕೊಂಡಿರು,” ಎಂದಳು. “ಅವರಾಗಿ ಏನರ ಅಂದ್ರ ಕೇಳ್ತೀನಿ.”

ಮಹಾದೇವಿ ಆ ಫೋನನ್ನು ತಾಯಿಯ ದಿಂಬಿನ ಮೇಲಿಟ್ಟು, ನರ್ಸಿನ ಫೋನು ಬೇಡಿ ಸಹಾಯವಾಣಿಗೆ ಕರೆ ಮಾಡಿದಳು. ಅದನ್ನು ಎತ್ತಿಕೊಂಡವಳು ಕಸ್ತೂರಿ.

“ನಮ್ಮವ್ವನ ಎದಿ ಆಪರೇಶನ್ ಐತ್ರಿ. ಆಕಿಗೆ ಕಣ್ಣಿಲ್ಲ. ನಮ್ಮಪ್ಪ ಬಾಯಿಲೆ ಹೂಂ ಅಂದ್ರಷ್ಟ ಒಳಗ ಹೋಗ್ತೀನಿ ಅಂತ ಹಟ ಹಿಡದಾಳ. ಒಂದ ಅಕ್ಷರ ಸಾಕ್ರಿ. ಒಂದ ‘ಹೂಂ’ ಬರೂವಂಗ ಮಾಡ್ರಿ, ನಿಮ್ಮ ಕಾಲು ಬೀಳ್ತೀನಿ.”

“ಲೈನಿನ್ಯಾಗ ಇರ್ರಿ,” ಎಂದು ಕಸ್ತೂರಿ ಫೋನನ್ನು ಮೇಜಿನ ಮೇಲೆ ಬೋರಲಿಟ್ಟಳು.

ಪ್ರಶ್ನೆಗಳು ಪಟ್ಟಿ ಓಣಿಯಿಂದ ಹೊರಡುತ್ತಿದ್ದವು. ದನಿ ಓಣಿಗೆ ಮುಟ್ಟುತ್ತಿದ್ದವು. ಯಂತ್ರಗಳು ದನಿ ಕಟ್ಟುತ್ತಿದ್ದವು, ಉತ್ತರವನ್ನು ಕಳಿಸುತ್ತಲೂ ಇದ್ದವು. ಪಟ್ಟಿಗಳಿಗೆ ಮಾತ್ರ ಏನೂ ತಲುಪುತ್ತಿರಲಿಲ್ಲ. ಎಲ್ಲ ಮಾತುಗಳೂ ಮನೆಯ ಬಾಗಿಲವರೆಗೆ ಬಂದು ಅಲ್ಲೇ ಸಾಯುತ್ತಿದ್ದವು. ಕಸ್ತೂರಿ ಪಟ್ಟಿ ಓಣಿಯ ಒಳಬರುವ ನಿಯಮಗಳನ್ನು ತೆರೆದಳು. ನಿನ್ನೆ ಇರದಿದ್ದ ಒಂದು ಸಾಲು ಅಲ್ಲಿ ಕೂತಿತ್ತು. ಸಂಖ್ಯೆ ಇನ್ನೂರ ಐವತ್ತು. ಕೇಂದ್ರ ಕಚೇರಿ ಆ ದಿನ ಬೆಳಿಗ್ಗೆ ಎಲ್ಲ ಊರುಗಳ ಧ್ವನಿಶಾಲೆಗಳ ಕಾವಲಿಗೂ ಕಳಿಸಿದ್ದು: ದೊಡ್ಡ ಸಂಖ್ಯೆಯ, ಅಂದರೆ ಎತ್ತರದ, ಬಾಗಿಲುಗಳಿಗೆ ಯಾರು ಬಂದರೂ ತಡೆ.

ಪಟ್ಟಿ ಪ್ರಶ್ನೆ ಕಳಿಸುವಾಗಲೆಲ್ಲ ಉತ್ತರಕ್ಕಾಗಿ ತಾತ್ಕಾಲಿಕವಾಗಿ ಒಂದು ಬಾಗಿಲು ತೆರೆದುಕೊಂಡು ಕಾಯುತ್ತದೆ. ಆ ಬಾಗಿಲಿನ ಸಂಖ್ಯೆ ಸಲಸಲಕ್ಕೂ ಬೇರೆ, ಆದರೆ ಯಾವಾಗಲೂ ಎತ್ತರದ್ದು. ಉತ್ತರ ಅಲ್ಲಿಗೇ ಬರಬೇಕು. ಅದನ್ನು ಒಳಗೆ ಬಿಡುವ ಅನುಮತಿಯೂ ಇತ್ತು. ತಡೆಯ ಸಾಲಿನ ಕೆಳಗೇ ಇತ್ತು. ಅದರ ಸಂಖ್ಯೆ ಇನ್ನೂರ ಐವತ್ತೊಂದು. ಮಾದರಿಯಂತೆ ಇನ್ನೂರು ಎಂದು ಬರೆದುಕೊಂಡ ಬೇರೆ ಊರುಗಳಲ್ಲೆಲ್ಲ ಮಾತು ನಡೆದೇ ಇತ್ತು.

“ಕಟ್ಟಿ ಸರ್,” ಎಂದಳು ಕಸ್ತೂರಿ. “ನಮ್ಮ ಆಯೇರಿ ನೋಡ್ರಿ.”

ಕಟ್ಟಿಯವರು ಕನ್ನಡಕ ಏರಿಸಿಕೊಂಡು ನೋಡಿದರು. ಎರಡೂ ಸಾಲುಗಳ ಮೇಲೆ ಬೆರಳಿಟ್ಟು ಓದಿದರು. ಮುಖ ಇಳಿದುಹೋಯಿತು.

“ಒಂದು ಹೆಚ್ಚಿಗಿ ಇಟ್ಟದ್ದಕ್ಕ,” ಎಂದರು ಮೆಲ್ಲಗೆ.

“ಅವರ ತಡೆ ತಗದು ಒಗೀಲ್ರಿ? ಈಗಿಂದೀಗ ಮಾತು ಬರ್ತಾವ. ಲೈನಿನ್ಯಾಗ ಒಬ್ಬಾಕಿ ಅಳಾಕತ್ತಾಳ, ಅಪ್ಪ ಬಾಯಿಲೆ ಹೂಂ ಅಂದ್ರಷ್ಟ ಅವ್ವ ಆಪರೇಶನ್ನಿಗೆ ಹೋಗ್ತಾಳಂತ.”

“ತಗೀಬ್ಯಾಡ್ರಿ! ಆ ತಡೆ ಸುಮ್ಮನ ಬಂದದ್ದಲ್ಲ. ಬ್ಯಾರೆ ರಾಜ್ಯದಾಗ ಯಾರೋ ಹೊರಗಿನವರು ಈ ಎತ್ತರದ ಬಾಗಲಾ ಹುಡುಕಿ ಪಟ್ಟಿಗೆ ಕಳ್ಳ ದನಿ ಕಳಸ್ಯಾರ. ಒಬ್ಬ ಮುದುಕ ತನ್ನ ಮಗನ್ನ ತಾನ ಬೈದಂಗ ಕೇಳಸ್ತಂತ. ಮುದುಕ ತುಟೀನೂ ಬಿಚ್ಚಿರಲಿಲ್ಲ. ಇಲ್ಲಿ ಬಾಗಲಾ ಪೂರಾ ತಗದರ, ಆ ಅಳೋ ಹುಡುಗಿ ಅವ್ವಗ ‘ಹೂಂ’ ಅಂದವರು ಯಾರು ಅಂತ ನೀವು ಹೇಳ್ತೀರೇನು?”

ಕಸ್ತೂರಿಯ ಕೈ ನಿಂತಿತು. ಅದು ಸರಿಯಾದ ಮಾತಾಗಿತ್ತು. ಆದರೆ ಮೇಜಿನ ಮೇಲೆ ಬೋರಲಿಟ್ಟ ಫೋನಿನಿಂದ “ಹಲೋ, ಅಕ್ಕಾರ, ಅದೀರೇನ್ರಿ?” ಎಂಬ ದನಿ ಸಣ್ಣಗೆ ಕೇಳುತ್ತಲೇ ಇತ್ತು.

“ಹಂಗಾರ ತಡೆ ಅಲ್ಲೇ ಇರ್ಲಿ,” ಎಂದಳು. “ಅದರ ಮುಂದ ಹೊಸಾದೊಂದು ಬರೀತೀನಿ. ದನಿ ಓಣಿಯಿಂದ ಬಂದದ್ದಕ್ಕಷ್ಟ ದಾರಿ. ಬ್ಯಾರೆ ಎಲ್ಲಿಂದ ಬಂದ್ರೂ ಕೆಳಗಿನ ತಡೀಗೆ ಬಡಕೋಬೇಕು.”

“ಹಂಗ ಮಾಡ್ರಿ. ಲಗೂ ಮಾಡ್ರಿ.”

ಆಕೆ ದನಿ ಓಣಿಯ ವಿಳಾಸ ಬರೆದಳು, ಎತ್ತರದ ಬಾಗಿಲುಗಳ ಮೊದಲು ಮತ್ತು ಕೊನೆ ಬರೆದಳು. ಸಂಖ್ಯೆಯ ಜಾಗದಲ್ಲಿ ಇನ್ನೂರು ಎಂದು ಒತ್ತಿದಳು.

“ಸೊನ್ನಿ...” ಎಂದು ಕಟ್ಟಿಯವರ ಬಾಯಿಂದ ಅಭ್ಯಾಸಬಲದಿಂದ ಹೊರಟಿತು.

“ಸರ್!”

“ಇಲ್ಲ, ಇಲ್ಲ. ನಾ ಏನೂ ಅಂದಿಲ್ಲ.”

ಗುಳೇದಗುಡ್ಡದ ಮನೆಯಲ್ಲಿ ಈರಬಸಪ್ಪನವರು ಕರೆ ಇನ್ನೂ ಕಡಿಯದ ಫೋನನ್ನು ಗದ್ದುಗೆಯ ಪಕ್ಕದಲ್ಲಿಟ್ಟು ಪೂಜೆಗೆ ಕೂತಿದ್ದರು. ಬೆಳಗಿನ ಪೂಜೆ ಆಗಿಹೋಗಿತ್ತು. ಬೇರೇನೂ ತೋಚದೆ ಮತ್ತೆ ಕೂತಿದ್ದರು. ಹಣೆಯ ವಿಭೂತಿ ಜ್ವರದ ಬೆವರಿಗೆ ಒದ್ದೆಯಾಗಿತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದರು.

ಸದ್ದಿಲ್ಲದ ಬಾಯಿಂದ ದೇವರೊಡನೆ ಮಾತಾಡುವುದು ಅವರಿಗೆ ಹೊಸದಲ್ಲ. ಧ್ವನಿಪೆಟ್ಟಿಗೆ ಹೋಗಿ ಪಟ್ಟಿ ಬರುವವರೆಗಿನ ಎರಡು ವರ್ಷ ಹಾಗೆಯೇ ಆಡಿದ್ದರು. ಪಟ್ಟಿ ಬಂದ ಮೇಲೆ ಪೂಜೆಯಲ್ಲೂ ಹೆಂಡತಿಗೆ ಕೇಳುವುದೆಂದು ಕೆಲವು ಮಾತುಗಳನ್ನು ಬಿಟ್ಟಿದ್ದರು. ಇಂದು ಕೇಳುವವರು ಯಾರೂ ಇರಲಿಲ್ಲ. ಅವರು ತುಟಿ ಬಿಚ್ಚಿ ಎಲ್ಲವನ್ನೂ ಹೇಳಿದರು.

ಅವಳ ಎದೆ ಸೀಳುವರಂತೆ, ಶಿವನೆ. ನಾನು ಹೂಂ ಅಂದೇ ಅನ್ನುತ್ತೇನೆ; ಇನ್ನೇನು ಅನ್ನಲಿ. ಆದರೆ ನಿನ್ನೆಯೇ ಯಾಕೆ ಅನ್ನಲಿಲ್ಲವೆಂದು ನಿನಗೆ ಗೊತ್ತು. ನಾನು ಹೂಂ ಎಂದು, ಅವಳು ಆ ಮೇಜಿನ ಮೇಲೆ ಹೋಗಿಬಿಟ್ಟರೆ, ಕಳಿಸಿದವನು ನಾನಾಗುತ್ತೇನೆ. ದೊಡ್ಡ ಮಗನನ್ನು ನೀನು ಕರೆದುಕೊಂಡಾಗ ನಾನು ನಿನ್ನನ್ನು ಏನೂ ಕೇಳಲಿಲ್ಲ. ಆ ದುಃಖದಲ್ಲಿ ಇವಳೇ ಎರಡು ವರ್ಷ ನನಗೆ ತುತ್ತು ಕೊಟ್ಟು ಎಬ್ಬಿಸಿ ಕೂಡಿಸಿದಳು. ಹೀಗೆ ಅವರು ಹೇಳುತ್ತಲೇ ಹೋದರು. ಧಾರವಾಡದ ಯಂತ್ರಗಳು ಆ ಮಾತುಗಳಿಗೆ ದನಿ ಕಟ್ಟಿ ಕಳಿಸುತ್ತಲೇ ಇದ್ದವು. ಕಾವಲು ಒಂದೊಂದನ್ನೂ ಬಿಸಾಡಿತು. ಬಿಸಾಡಿದ್ದನ್ನು ಅದು ಕೂಡಿಟ್ಟುಕೊಳ್ಳುವುದಿಲ್ಲ. ಆ ಮಾತುಗಳನ್ನು ಯಾರೂ ಇನ್ನು ಕೇಳಲಾರರು.

ಅಷ್ಟರಲ್ಲಿ ಕಸ್ತೂರಿ ಹೊಸ ನಿಯಮವನ್ನು ಒತ್ತಿ ಉಳಿಸಿದಳು. ನೆನಪಿಲ್ಲದ ಕಾವಲು ಹೊಸ ನಿಯಮವನ್ನು ಪಾಲಿಸಲು ಕಾಯುವುದಿಲ್ಲ. ಮರುಕ್ಷಣದ ಸಂದೇಶದಿಂದಲೇ ಅದು ದಾರಿ ಬಿಟ್ಟಿತು.

“...ಭಾಳ ಹೆದರಿಕಿ ಆಗೇತಿ ನನಗ,” ಎಂದಿತು ಎದೆಯ ಮೇಲಿನ ಸ್ಪೀಕರು. “ಆಕಿ ಇಲ್ಲಂದ್ರ ಈ ಮನಿಯಾಗ ನಾ ಯಾರ ಜೋಡಿ ಮಾತಾಡ್ಲಿ?”

ಈರಬಸಪ್ಪನವರು ಬೆಚ್ಚಿ ಬಾಯಿ ಮುಚ್ಚಿದರು. ಅಂಗೈ ಎತ್ತಿ ಸ್ಪೀಕರು ಮುಚ್ಚಿಕೊಂಡರು. ತಡವಾಗಿತ್ತು.

“ಯಾರ ಜೋಡಿ ಮಾತಾಡಾಕತ್ತೀರಿ?” ಎಂದಳು ಫೋನಿನಲ್ಲಿ ಸಾವಂತ್ರೆವ್ವ.

“...ದೇವರ ಜೋಡಿ.”

“ನನಗೂ ಕೇಳಸ್ತು.”

“ನಿನಗಂತ ಅಂದದ್ದಲ್ಲ ಅದು. ಅದನ್ನ ಬಿಡು ನೀ.”

“ಯಾಕ ಬಿಡ್ಲಿ?” ಆಕೆಯ ದನಿ ಬದಲಾಗಿತ್ತು. “ಮೂರ ದಿನದಿಂದ ಇಲ್ಲಿ ಎಲ್ಲಾರೂ ಏನೂ ಆಗಂಗಿಲ್ಲ ಯವ್ವಾ, ಏನೂ ಆಗಂಗಿಲ್ಲ ಯವ್ವಾ ಅನ್ನಾಕತ್ತಾರ. ಡಾಕ್ಟರ್ ಹಂಗಂದ್ರು, ಕಸಾ ಹೊಡಿಯಾಕಿ ಸುದ್ದಾ ಹಂಗಂದ್ಳು. ನಾ ಒಬ್ಬಾಕೀನ ಹೆದರೇನಿ ಅಂತ ನಾಚಿಕಿ ಆಗಿತ್ತು. ಮತ್ತ... ನಿನ್ನಿ ನೀವು ಸುಮ್ಮನಾದ್ರಿ ನೋಡ್ರಿ, ಕುರುಡಿನ ಕೈ ಹಿಡದು ನಡಸಿ ಸಾಕಾಗೇತಿ ಅಂತ ತಿಳಕೊಂಡೆ.”

“ಹುಚ್ಚದೀಯೇನ್ ಸಾವಂತ್ರಿ?”

“ಇಲ್ಲಂತ ಈಗ ಗೊತ್ತಾತಲ್ಲ. ಇಬ್ರೂ ಹೆದರೀವಿ. ಇನ್ನ ನೀವು ಖರೇ ಖರೇ ಹೇಳ್ರಿ. ಹೋಗ್ಲೋ, ಬರ್ಲೋ?”

ಈಗ ಪಟ್ಟಿಯ ನೆಪ ಇರಲಿಲ್ಲ. ಈರಬಸಪ್ಪನವರು ಅಂಗೈಯ ಲಿಂಗವನ್ನು ಎದೆಗೊತ್ತಿಕೊಂಡರು. ಅದು ಸ್ಪೀಕರಿಗೆ ತಾಗಿ ಟಕ್ಕೆಂದಿತು.

“ಹೋಗು,” ಎಂದರು. “ಹೂಂ. ಹೆದರಿಕೋತ ಅಂತೀನಿ, ಆದ್ರ ಹೂಂ ಅಂತೀನಿ. ಹೋಗಿ ಬಾ.”

“ಮಹಾದೇವಿ, ಎಲ್ಲಿ ಒತ್ತಬೇಕು ಹೇಳ,” ಎಂದಳು ಸಾವಂತ್ರೆವ್ವ, ಮಡಚಿದ ಮುಷ್ಟಿಯಿಂದ ಹೆಬ್ಬೆರಳು ಬಿಡಿಸುತ್ತಾ.

ಧಾರವಾಡದಲ್ಲಿ ಕಸ್ತೂರಿ ಫೋನೆತ್ತಿ “ಬಂತೇನ್ರಿ ದನಿ?” ಎಂದು ಕೇಳಿದಾಗ ಆ ಕಡೆ ಯಾರೂ ಇರಲಿಲ್ಲ. ದೂರದಲ್ಲಿ ಗಾಲಿಮಂಚ ಉರುಳುವ ಸದ್ದು ಮಾತ್ರ ಕೇಳಿತು. ಆಮೇಲೆ ಯಾರೋ ಫೋನು ಇಟ್ಟರು. ಕಟ್ಟಿಯವರು ತಮ್ಮ ಕುರ್ಚಿಯಲ್ಲಿ ಕೂತು, ಕೇಂದ್ರಕ್ಕೆ ಏನೆಂದು ತಿಳಿಸುವುದೆಂದು ಯೋಚಿಸುತ್ತಿದ್ದರು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆಯೇ ತಿಳಿಸಿದರು. ಆ ಕಡೆಯವರಿಗೆ ಆಯೇರಿ ಎಂದರೇನೆಂದು ಬಿಡಿಸಿ ಹೇಳುವುದರಲ್ಲೇ ಅರ್ಧ ಹೊತ್ತು ಹೋಯಿತು.

ಶಸ್ತ್ರಚಿಕಿತ್ಸೆ ಸಂಜೆಯವರೆಗೆ ನಡೆಯಿತು. ಸಾವಂತ್ರೆವ್ವ ಬದುಕಿದಳು. ಆದರೆ ಉಸಿರಾಟ ಸುಧಾರಿಸುವವರೆಗೆ ಬಾಯಿಯಿಂದ ಗಂಟಲಿಗೆ ನಳಿಗೆ ಇಳಿಸಿದ್ದರು. ಎಚ್ಚರವಿದ್ದರೂ ಮಾತಾಡುವಂತಿರಲಿಲ್ಲ. ಜ್ವರ ಬಿಟ್ಟ ಮೇಲೆ ಈರಬಸಪ್ಪನವರನ್ನು ಬಾಯಿಗೆ, ಕೊರಳಿಗೆ ಬಟ್ಟೆ ಕಟ್ಟಿ ಒಳಗೆ ಬಿಟ್ಟರು. ಅವರು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಆಕೆಯ ಕೈ ಹಿಡಿದುಕೊಂಡರು.

ಮೊದಲು ಕಿಟಕಿ ಯಾವ ಕಡೆಗಿದೆ ಎಂದು ಹೇಳಿದರು. ಗೋಡೆಯ ಬಣ್ಣ ಹೇಳಿದರು. ಮೈಗೆ ಹಚ್ಚಿದ ತಂತಿಗಳಲ್ಲಿ ಯಾವುದು ಎಲ್ಲಿಗೆ ಹೋಗಿದೆಯೆಂದು ಒಂದೊಂದಾಗಿ ಹೇಳಿದರು. ಊರಿನ ಸುದ್ದಿ ಹೇಳಿದರು. ಅರ್ಧಕ್ಕೆ ನಿಂತಿದ್ದ ಖಣವನ್ನು ಅಳಿಯ ಮಗ್ಗಕ್ಕೆ ಕೂತು ಮುಗಿಸಿದನೆಂದೂ, ಅಂಚು ಸೊಟ್ಟಗಾಗಿದೆಯೆಂದೂ, ಅವನಿಗೆ ಹಾಗೆಂದು ಹೇಳಲಿಲ್ಲವೆಂದೂ ಹೇಳಿದರು. ಸಾವಂತ್ರೆವ್ವ ಏನೂ ಅನ್ನಲಾರಳು. ಒಂದೊಂದು ಸಲ ಬೆರಳು ಅದುಮುತ್ತಿದ್ದಳು, ಒಂದೊಂದು ಸಲ ಅದೂ ಇಲ್ಲ.

ನರ್ಸು ಬಂದು ಬಗ್ಗಿ ಹೇಳಿದಳು: “ಅಜ್ಜಾರ, ಸ್ವಲ್ಪ ಸಣ್ಣಕ ಮಾತಾಡ್ರಿ. ಬಾಜೂದವರು ಮಲಗ್ಯಾರ.”

“ತಪ್ಪಾತವ್ವ,” ಎಂದರು ಈರಬಸಪ್ಪನವರು. ಎದೆಯ ಮೇಲಿನ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದರು. ಕುರ್ಚಿಯನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಸ್ಪೀಕರು ಆಕೆಯ ಕಿವಿಯ ಬಳಿ ಬರುವಂತೆ ಬಾಗಿದರು.

“ಆಮ್ಯಾಲೆ ಏನಾತಂದ್ರ, ಕೇಳ ಇಲ್ಲಿ...”